ಮೂವತ್ತಮೂರು ಬಾಗಿಲುಗಳ ಒಂದು ಕಿಟಕಿ

ಹೊಸಪೇಟೆಯ ವಿದ್ಯಾರ್ಥಿಗೆ ತುಂಗಭದ್ರೆಯ ಅಣೆಕಟ್ಟನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಜಲಾಶಯ ತುಂಬಿ, ಸಾಲಾಗಿ ನಿಂತ 33 ಗೇಟುಗಳಿಂದ ನೀರು ನೊರೆಯಾಗಿ ಧುಮುಕುವ ನೋಟವನ್ನು ಅವನು ಬಾಲ್ಯದಿಂದಲೂ ಕಂಡಿರುತ್ತಾನೆ. 1953ರಲ್ಲಿ ಬಳಕೆಗೆ ಬಂದ ಈ ಅಣೆಕಟ್ಟಿನ ಒಂದೊಂದು ಗೇಟೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ ಇವುಗಳಲ್ಲಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ಆ ಒಂದು ಕಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ಹರಿಯಿತೆಂದು ಆಗ ವರದಿಯಾಗಿತ್ತು. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಆ ಕಂಡಿಯನ್ನು ಮುಚ್ಚಿದರು. ಆ ವಾರವೆಲ್ಲ ಕಂಪ್ಲಿಯ ಗದ್ದೆಗಳಲ್ಲಿಯೂ ಹಂಪಿಯ ನದೀತೀರದಲ್ಲಿಯೂ ಜನರ ಬಾಯಲ್ಲಿ ಇದ್ದದ್ದು ಅಂಕಿಗಳೇ: ಎಷ್ಟು ಅಡಿ, ಎಷ್ಟು ಕ್ಯೂಸೆಕ್, ಎಷ್ಟು ಟಿ.ಎಂ.ಸಿ.?

ಗಣಕಯಂತ್ರದಲ್ಲಿ ಪ್ರೋಗ್ರಾಂ ಬರೆಯಲು ಆಗತಾನೆ ಕಲಿತ ವಿದ್ಯಾರ್ಥಿಗೆ ಈ ಅಣೆಕಟ್ಟು ಒಳ್ಳೆಯ ವಸ್ತು. ಗಣಕದ ಪರದೆಯ ಮೇಲೆ ಒಂದು ಕಿಟಕಿ ತೆರೆಯಬೇಕು. ಅದರಲ್ಲಿ 33 ಗುಂಡಿಗಳಿರಬೇಕು. ಯಾವ ಗುಂಡಿಯನ್ನು ಒತ್ತಿದರೆ ಆ ಗೇಟಿನ ಸ್ಥಿತಿ ಕಾಣಬೇಕು. ನೀರಿನ ಮಟ್ಟವನ್ನೂ ಹೊರಹರಿವನ್ನೂ ಬರೆದರೆ ದಿನಕ್ಕೆ ಎಷ್ಟು ನೀರು ಹೋಯಿತೆಂದು ಲೆಕ್ಕ ಬರಬೇಕು. ಇಷ್ಟೇ ಕೆಲಸ. ಆದರೆ ಈ ಸಣ್ಣ ಕೆಲಸದಲ್ಲಿ ಕಲಿಯುವವನು ಎಡವುವ ಕಲ್ಲುಗಳು ಹತ್ತಾರು. ಅವು ಎಲ್ಲ ದೇಶಗಳ ಕಲಿಕೆಗಾರರೂ ಎಡವುವ ಕಲ್ಲುಗಳೇ ಆದುದರಿಂದ, ಅವನ್ನು ಒಂದೊಂದಾಗಿ ಎತ್ತಿ ನೋಡುವುದು ಪ್ರಯೋಜನಕರ. ಉದಾಹರಣೆಗೆಂದು ನಾವು ಪೈಥಾನ್ ಭಾಷೆಯನ್ನೂ, ಅದರೊಡನೆಯೇ ದೊರೆಯುವ ಟಿಕೆಇಂಟರ್ ಎಂಬ ಕಿಟಕಿಯ ಸಾಮಗ್ರಿಯನ್ನೂ ಇಟ್ಟುಕೊಳ್ಳೋಣ. ತತ್ತ್ವಗಳು ಮಾತ್ರ ಎಲ್ಲ ಭಾಷೆಗಳಿಗೂ ಒಪ್ಪುವಂಥವು.

ಕಾಯುವ ಪ್ರೋಗ್ರಾಂ

ಮೊದಲ ಪಾಠಗಳಲ್ಲಿ ನಾವು ಬರೆಯುವ ಪ್ರೋಗ್ರಾಂ ಮೇಲಿನ ಸಾಲಿನಿಂದ ಆರಂಭವಾಗಿ ಕೆಳಗಿನ ಸಾಲಿಗೆ ಬಂದು ಮುಗಿಯುತ್ತದೆ. ಅಡುಗೆಯ ವಿಧಾನವನ್ನು ಓದಿ ಅಡುಗೆ ಮಾಡಿದಂತೆ ಅದರ ನಡೆ. ಕಿಟಕಿಯುಳ್ಳ ಪ್ರೋಗ್ರಾಂ ಈ ಜಾತಿಯದಲ್ಲ. ಅದು ರೈಲು ನಿಲ್ದಾಣದಲ್ಲಿ ಟಿಕೇಟು ಕೊಡುವ ಗುಮಾಸ್ತನನ್ನು ಹೋಲುತ್ತದೆ. ಗುಮಾಸ್ತನು ತನ್ನ ಕಿಂಡಿಯನ್ನು ತೆರೆದು ಕಾಯುತ್ತಾನೆ; ಒಬ್ಬ ಪ್ರಯಾಣಿಕ ಬಂದರೆ ಅವನ ಕೆಲಸವನ್ನು ಮುಗಿಸಿ ಕಳುಹಿಸುತ್ತಾನೆ; ಮತ್ತೆ ಕಾಯುತ್ತಾನೆ. ಇಲಿಯ ಗುಂಡಿಯನ್ನು ಒತ್ತಿದುದು, ಕೀಲಿಯನ್ನು ಮುಟ್ಟಿದುದು, ಕಿಟಕಿಯನ್ನು ಎಳೆದುದು ಇವೆಲ್ಲ ಒಬ್ಬೊಬ್ಬ ಪ್ರಯಾಣಿಕನಿದ್ದಂತೆ. ಇವಕ್ಕೆ 'ಘಟನೆ'ಗಳೆಂದು ಹೆಸರು. ಘಟನೆಗಳು ಸಾಲಾಗಿ ನಿಲ್ಲುತ್ತವೆ. ಪ್ರೋಗ್ರಾಂ ಒಂದೊಂದನ್ನೇ ಕರೆದು ವಿಚಾರಿಸುತ್ತದೆ.

ಈ ಕಾಯುವ ಕೆಲಸವನ್ನು ಆರಂಭಿಸುವ ಸಾಲೊಂದುಂಟು. ಅದಕ್ಕೆ 'ಮೇನ್‌ಲೂಪ್' ಎಂದು ಹೆಸರು. ಕಲಿಯುವವನು ಅದನ್ನು ಮರೆತರೆ ಕಿಟಕಿ ಮಿಂಚಿನಂತೆ ಕಂಡು ಮಾಯವಾಗುತ್ತದೆ, ಇಲ್ಲವೆ ಕಾಣುವುದೇ ಇಲ್ಲ. ಗುಮಾಸ್ತನು ಕಿಂಡಿಯನ್ನು ತೆರೆದ ಕೂಡಲೇ ಮನೆಗೆ ಹೊರಟುಹೋದಂತಾಯಿತು! ಮುಂದೆ ನಾವು ಕಾಣಲಿರುವ ತೊಡಕುಗಳಲ್ಲಿ ಮೂರು ಈ 'ಕಾಯುವ' ಸ್ವಭಾವವನ್ನು ಮರೆತುದರಿಂದಲೇ ಹುಟ್ಟಿದವು.

ತಾನೇ ಒತ್ತಿಕೊಳ್ಳುವ ಗುಂಡಿ

ಗುಂಡಿಯನ್ನು ನಿರ್ಮಿಸುವಾಗ, ಅದನ್ನು ಒತ್ತಿದರೆ ಯಾವ ಕೆಲಸ ನಡೆಯಬೇಕೆಂದು ಹೇಳಬೇಕಷ್ಟೆ. ವಿದ್ಯಾರ್ಥಿಯು 'ಗೇಟು ತೆರೆ' ಎಂಬ ಕೆಲಸದ ಹೆಸರನ್ನು ಬರೆದು, ಅಭ್ಯಾಸಬಲದಿಂದ ಅದರ ಮುಂದೆ ಒಂದು ಜೊತೆ ಆವರಣ ಚಿಹ್ನೆಯನ್ನೂ ಹಾಕುತ್ತಾನೆ. ಫಲವೇನು? ಪ್ರೋಗ್ರಾಂ ಆರಂಭವಾದೊಡನೆ ಯಾರೂ ಮುಟ್ಟದೆಯೇ ಗೇಟು ತೆರೆದುಕೊಳ್ಳುತ್ತದೆ. ಬಳಿಕ ಗುಂಡಿಯನ್ನು ಎಷ್ಟು ಒತ್ತಿದರೂ ಏನೂ ಆಗದು.

ಆವರಣ ಚಿಹ್ನೆಗೆ 'ಈಗಲೇ ಮಾಡು' ಎಂದು ಅರ್ಥ. ಅದಿಲ್ಲದ ಬರಿಯ ಹೆಸರು ಕೆಲಸದ ವಿಳಾಸ ಮಾತ್ರ. ಗುಂಡಿಗೆ ಬೇಕಾದುದು ವಿಳಾಸ. ಸಮಯ ಬಂದಾಗ ಅದು ತಾನೇ ಹೋಗಿ ಕೆಲಸ ಮಾಡಿಸುತ್ತದೆ. ನಾವು ಕೊಟ್ಟುದಾದರೋ ಮುಗಿದುಹೋದ ಕೆಲಸದ ಫಲವನ್ನು, ಸಾಮಾನ್ಯವಾಗಿ ಒಂದು ಶೂನ್ಯವನ್ನು. ವೈದ್ಯರ ವಿಳಾಸವನ್ನು ಬರೆದುಕೊಳ್ಳುವುದಕ್ಕೂ ವೈದ್ಯರನ್ನು ಈಗಲೇ ಕರೆತರುವುದಕ್ಕೂ ಇರುವ ಭೇದವೇ ಇಲ್ಲಿಯದು.

ಎಲ್ಲ ಗುಂಡಿಗಳೂ 33 ಎನ್ನುವುದೇಕೆ?

33 ಗುಂಡಿಗಳನ್ನು ಒಂದೊಂದಾಗಿ ಬರೆಯುವುದು ಬೇಸರದ ಕೆಲಸ. ಜಾಣ ವಿದ್ಯಾರ್ಥಿ ಒಂದು ಆವರ್ತವನ್ನು ಬರೆಯುತ್ತಾನೆ: 'ಸಂಖ್ಯೆ' ಎಂಬ ಹೆಸರಿಗೆ 1ರಿಂದ 33ರವರೆಗೆ ಬೆಲೆ ಕೊಡುತ್ತ ಹೋಗು, ಪ್ರತಿಸಲವೂ ಒಂದು ಗುಂಡಿಯನ್ನು ಮಾಡು, ಒತ್ತಿದಾಗ 'ಸಂಖ್ಯೆ'ಯನ್ನು ತೋರಿಸು. ಗುಂಡಿಗಳೇನೋ ಅಂದವಾಗಿ ಸಾಲುಗೂಡುತ್ತವೆ. ಅವುಗಳ ಮೇಲಿನ ಅಂಕಿಗಳೂ ಸರಿಯಾಗಿರುತ್ತವೆ. ಆದರೆ ಯಾವುದನ್ನು ಒತ್ತಿದರೂ ಬರುವ ಉತ್ತರ 33! ವಿದ್ಯಾರ್ಥಿಯು ಗಣಕವೇ ಕೆಟ್ಟಿದೆಯೆಂದು ನಂಬುವ ಘಟ್ಟ ಇದು.

ಉಪಾಧ್ಯಾಯರೊಬ್ಬರು 33 ಹುಡುಗರಿಗೆ ಒಂದೊಂದು ಚೀಟಿ ಕೊಡುತ್ತಾರೆಂದು ಭಾವಿಸಿ. ಪ್ರತಿ ಚೀಟಿಯಲ್ಲಿಯೂ 'ಕರಿಹಲಗೆಯ ಮೇಲಿನ ಅಂಕಿಯನ್ನು ಓದು' ಎಂದು ಬರೆದಿದೆ. ಚೀಟಿ ಕೊಡುವಾಗಲೆಲ್ಲ ಅವರು ಹಲಗೆಯ ಮೇಲಿನ ಅಂಕಿಯನ್ನು ಅಳಿಸಿ ಮುಂದಿನ ಅಂಕಿಯನ್ನು ಬರೆಯುತ್ತಾರೆ. ಕೊನೆಯಲ್ಲಿ ಹಲಗೆಯ ಮೇಲೆ ಉಳಿಯುವುದು 33. ಆಮೇಲೆ ಯಾವ ಹುಡುಗನನ್ನು ಎಬ್ಬಿಸಿ ಕೇಳಿದರೂ ಅವನು ಓದುವುದು ಅದನ್ನೇ ಅಲ್ಲವೆ? ಗುಂಡಿಯು ನೆನಪಿಟ್ಟುಕೊಂಡುದು 'ಸಂಖ್ಯೆ' ಎಂಬ ಹೆಸರನ್ನೇ ಹೊರತು ಆಗ ಅದಕ್ಕಿದ್ದ ಬೆಲೆಯನ್ನಲ್ಲ. ಗುಂಡಿ ಒತ್ತುವುದು ಆವರ್ತವೆಲ್ಲ ಮುಗಿದ ಬಹಳ ಹೊತ್ತಿನ ಮೇಲೆ.

ಪರಿಹಾರವು ಚೀಟಿಯ ಮೇಲೆಯೇ ಅಂಕಿಯನ್ನು ಬರೆದುಕೊಡುವುದು. ಗುಂಡಿಯ ಕೆಲಸಕ್ಕೆ ಒಂದು ಪೂರ್ವನಿಶ್ಚಿತ ಬೆಲೆಯನ್ನು ಸೇರಿಸಿ ಕೊಟ್ಟರೆ, ಗುಂಡಿ ಹುಟ್ಟಿದ ಕ್ಷಣದ ಬೆಲೆಯೇ ಅದರಲ್ಲಿ ನೆಲೆನಿಲ್ಲುತ್ತದೆ. ಪೈಥಾನಿನಲ್ಲಿ 'ಪಾರ್ಷಿಯಲ್' ಎಂಬ ಸಾಧನವೂ ಇದೇ ಕೆಲಸವನ್ನು ಮಾಡುತ್ತದೆ.

ಹತ್ತೊಂಬತ್ತೋ, ಇಪ್ಪತ್ತೋ?

ಗೇಟುಗಳ ಸ್ಥಿತಿಯನ್ನು ನಾವು ಒಂದು ಪಟ್ಟಿಯಲ್ಲಿ ಇಡುತ್ತೇವೆ. ಜನರು ಒಂದರಿಂದ ಎಣಿಸುತ್ತಾರೆ. ಬಹುಪಾಲು ಪ್ರೋಗ್ರಾಂ ಭಾಷೆಗಳು ಸೊನ್ನೆಯಿಂದ ಎಣಿಸುತ್ತವೆ. ಆದುದರಿಂದ ಮೊದಲನೆಯ ಗೇಟು ಪಟ್ಟಿಯ ಸೊನ್ನೆಯ ಸ್ಥಾನದಲ್ಲಿಯೂ, ಹತ್ತೊಂಬತ್ತನೆಯದು 18ರ ಸ್ಥಾನದಲ್ಲಿಯೂ, ಕೊನೆಯದು 32ರಲ್ಲಿಯೂ ಇರುತ್ತವೆ. ಇದನ್ನು ಮರೆತು 19ರ ಸ್ಥಾನವನ್ನು ಕೇಳಿದರೆ ಕೆಂಪುಬಣ್ಣ ಬೀಳುವುದು ಇಪ್ಪತ್ತನೆಯ ಗೇಟಿಗೆ. ಒಡೆದ ಗೇಟು ಯಾವುದೆಂಬುದೇ ಮುಖ್ಯವಾಗಿದ್ದ ರಾತ್ರಿಯಲ್ಲಿ ಇಂಥ ತಪ್ಪು ಅಲ್ಪವೆನಿಸಲಾರದು.

33ರ ಸ್ಥಾನವನ್ನು ಕೇಳಿದಾಗ ಪ್ರೋಗ್ರಾಂ 'ಅಂಥ ಸ್ಥಾನವಿಲ್ಲ' ಎಂದು ನಿಂತುಬಿಡುತ್ತದೆ. ಇದು ಉಪಕಾರವೇ ಸರಿ. ತಪ್ಪು ತಾನಾಗಿ ಬಾಯಿಬಿಟ್ಟಿತು. ವಿದ್ಯಾರ್ಥಿಯು ಎಚ್ಚೆತ್ತು, ಕೇಳಿದ ಸಂಖ್ಯೆಯಿಂದ ಒಂದನ್ನು ಕಳೆಯುತ್ತಾನೆ. ಆದರೆ ಯಾರಾದರೂ ಕೈತಪ್ಪಿ 0 ಎಂದು ಬರೆದರೆ? 0ಯಿಂದ 1 ಕಳೆದರೆ -1. ಪೈಥಾನಿನಲ್ಲಿ -1ರ ಸ್ಥಾನವೆಂದರೆ 'ಕೊನೆಯಿಂದ ಮೊದಲನೆಯದು'. ಹೀಗಾಗಿ ಇಲ್ಲದ ಸೊನ್ನೆಯ ಗೇಟನ್ನು ಕೇಳಿದವನಿಗೆ ಮೂವತ್ತಮೂರನೆಯ ಗೇಟಿನ ಸ್ಥಿತಿಯು ಯಾವ ಆಕ್ಷೇಪಣೆಯೂ ಇಲ್ಲದೆ ಕಾಣಿಸಿಕೊಳ್ಳುತ್ತದೆ. ಆದುದರಿಂದ ಮೊದಲು 'ಸಂಖ್ಯೆಯು 1ರಿಂದ 33ರೊಳಗೆ ಇದೆಯೆ?' ಎಂದು ವಿಚಾರಿಸಿ, ಆಮೇಲೆ ಒಂದನ್ನು ಕಳೆಯುವುದು ಕ್ಷೇಮ.

ಅಂಕಿಯಂತೆ ಕಾಣುವ ಅಕ್ಷರ

ಈಗ ನೀರಿನ ಲೆಕ್ಕಕ್ಕೆ ಬರೋಣ. ಕಿಟಕಿಯಲ್ಲಿ ಎರಡು ಖಾನೆಗಳಿವೆ: ನದಿಗೆ ಬಿಟ್ಟ ನೀರು, ಕಾಲುವೆಗಳಿಗೆ ಬಿಟ್ಟ ನೀರು. ಒಂದರಲ್ಲಿ 12000, ಮತ್ತೊಂದರಲ್ಲಿ 5000 ಎಂದು ಬರೆದು ಕೂಡಿಸಿದರೆ ಬರುವ ಉತ್ತರ 120005000! ಖಾನೆಯಲ್ಲಿ ಬರೆದುದನ್ನೆಲ್ಲ ಗಣಕವು ಅಕ್ಷರಗಳ ಸಾಲೆಂದೇ ತಿಳಿಯುತ್ತದೆ. ಎರಡು ಅಕ್ಷರಸಾಲುಗಳನ್ನು 'ಕೂಡಿಸು' ಎಂದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಡುವುದೆಂದೇ ಅರ್ಥ. 'ಹೊಸ' ಮತ್ತು 'ಪೇಟೆ' ಕೂಡಿ 'ಹೊಸಪೇಟೆ' ಆದ ಹಾಗೆ.

ಹೋಲಿಕೆಯಲ್ಲಿ ಈ ತಪ್ಪು ಇನ್ನೂ ಗುಪ್ತವಾಗಿರುತ್ತದೆ. ಅಕ್ಷರಸಾಲಾಗಿ ನೋಡಿದರೆ 9500 ಎಂಬುದು 12000ಕ್ಕಿಂತ ದೊಡ್ಡದು. ಏಕೆಂದರೆ ನಿಘಂಟಿನ ಕ್ರಮದಲ್ಲಿ 9ರಿಂದ ಆರಂಭವಾದುದು 1ರಿಂದ ಆರಂಭವಾದುದರ ಅನಂತರ ಬರುತ್ತದೆ. ಆದುದರಿಂದ ಖಾನೆಯಿಂದ ತೆಗೆದುದನ್ನು ಮೊದಲು ಸಂಖ್ಯೆಯಾಗಿ ಪರಿವರ್ತಿಸಬೇಕು.

ಪರಿವರ್ತನೆಗೂ ಕೆಲವು ಶರತ್ತುಗಳುಂಟು. ಖಾನೆ ಬರಿದಾಗಿದ್ದರೆ, ಅಥವಾ ನಾವು ರೂಢಿಯಂತೆ ಅಲ್ಪವಿರಾಮ ಹಾಕಿ 12,000 ಎಂದು ಬರೆದಿದ್ದರೆ, ಪ್ರೋಗ್ರಾಂ ದೋಷವೆಂದು ಕೂಗುತ್ತದೆ. ಅಲ್ಪವಿರಾಮಗಳನ್ನು ಮೊದಲೇ ತೆಗೆದುಹಾಕಿ, ಆದರೂ ಪರಿವರ್ತನೆಯಾಗದಿದ್ದರೆ ಬಳಸುವವನಿಗೆ ನಮ್ರವಾದ ಒಂದು ಸೂಚನೆಯನ್ನು ತೋರಿಸುವುದು ಒಳ್ಳೆಯ ಪದ್ಧತಿ. ಇಲ್ಲೊಂದು ಸಂತೋಷದ ಸಂಗತಿಯನ್ನೂ ಹೇಳಬಹುದು: ಕನ್ನಡದ ಅಂಕಿಗಳಲ್ಲಿ ೧೨೦೦೦ ಎಂದು ಬರೆದರೂ ಪೈಥಾನ್ ಅದನ್ನು ಹನ್ನೆರಡು ಸಾವಿರವೆಂದೇ ಅರ್ಥಮಾಡಿಕೊಳ್ಳುತ್ತದೆ.

ಹರಿದ ನೀರು ಋಣವಾದುದು

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹೀಗಾಗಿ 35,000 ಕ್ಯೂಸೆಕ್ ನೀರು ಒಂದು ದಿನ ಹರಿದರೆ 35,000ವನ್ನು 86,400ರಿಂದ ಗುಣಿಸಿ 302 ಕೋಟಿ 40 ಲಕ್ಷ ಘನ ಅಡಿ, ಅಂದರೆ ಮೂರು ಟಿ.ಎಂ.ಸಿ.ಗಿಂತ ತುಸು ಹೆಚ್ಚು. ಹೂಳು ತುಂಬಿ 105.788 ಟಿ.ಎಂ.ಸಿ.ಗೆ ಇಳಿದ ಜಲಾಶಯದಲ್ಲಿ ಒಂದೇ ಕಂಡಿಯಿಂದ ದಿನಕ್ಕೆ ಮೂರು ಟಿ.ಎಂ.ಸಿ. ಎಂದರೆ ರೈತನಿಗೆ ಅದರ ತೂಕ ಗೊತ್ತು.

ಪೈಥಾನಿನಲ್ಲಿ ಈ ಗುಣಾಕಾರ ಸರಿಯಾಗಿಯೇ ಬರುತ್ತದೆ. ಆದರೆ ಜಾವಾ, ಸಿ-ಶಾರ್ಪ್ ಮೊದಲಾದ ಭಾಷೆಗಳಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ 32 ಬಿಟ್‌ಗಳಷ್ಟೇ ಸ್ಥಳ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ನಮ್ಮ ಉತ್ತರವು ಇದನ್ನು ಮೀರಿದುದರಿಂದ, ಹಳೆಯ ಮೋಟಾರಿನ ಮೈಲಿಮಾಪಕವು 99,999 ದಾಟಿದೊಡನೆ ಸೊನ್ನೆಗೆ ತಿರುಗುವಂತೆ, ಅಂಕಿಯೂ ಸುತ್ತಿಕೊಂಡು ಋಣ 1,27,09,67,296 ಎಂದು ಬರುತ್ತದೆ. ಅಣೆಕಟ್ಟಿನಿಂದ ನೀರು ಹೊರಹರಿಯಲಿಲ್ಲ, ಒಳಕ್ಕೆ ಬಂದಿತು ಎಂದು ಹೇಳಿದಂತಾಯಿತು!

ಋಣಚಿಹ್ನೆಯನ್ನು ಕಂಡವನು ಎಚ್ಚರಗೊಳ್ಳುತ್ತಾನೆ. ಇದಕ್ಕಿಂತ ಅಪಾಯದ ಸಂದರ್ಭ ಬೇರೊಂದುಂಟು. ಹೊರಹರಿವು 1,00,000 ಕ್ಯೂಸೆಕ್ ಆದರೆ ನಿಜವಾದ ಉತ್ತರ 8.64 ಟಿ.ಎಂ.ಸಿ. 32 ಬಿಟ್‌ಗಳ ಲೆಕ್ಕವಾದರೋ ಎರಡು ಸುತ್ತು ಸುತ್ತಿ 5,00,65,408 ಘನ ಅಡಿ, ಎಂದರೆ 0.05 ಟಿ.ಎಂ.ಸಿ. ಎಂದು ಹೇಳುತ್ತದೆ. ಚಿಹ್ನೆ ಸರಿಯಾಗಿದೆ, ಅಂಕಿಯ ರೂಪ ಸರಿಯಾಗಿದೆ, ಅರ್ಥ ಮಾತ್ರ ಪೂರ್ತಿ ಸುಳ್ಳು. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. 24,855 ಕ್ಯೂಸೆಕ್‌ವರೆಗೆ ಈ ಪ್ರೋಗ್ರಾಂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಬೇಸಗೆಯಲ್ಲಿ ಕೆಲವು ಸಾವಿರ ಕ್ಯೂಸೆಕ್ ಹರಿಯುವಾಗ ಪರೀಕ್ಷಿಸಿದವನಿಗೆ ಯಾವ ದೋಷವೂ ಕಾಣದು. ಪ್ರವಾಹದ ದಿನ, ಲೆಕ್ಕ ಅತ್ಯವಶ್ಯವಾದಾಗಲೇ ಅದು ಕೈಕೊಡುತ್ತದೆ. 64 ಬಿಟ್‌ಗಳ ಪೂರ್ಣಾಂಕವನ್ನು ಮೊದಲಿನಿಂದಲೇ ಬಳಸುವುದೇ ಇದಕ್ಕೆ ಮದ್ದು.

ಇದು ವಿದ್ಯಾರ್ಥಿಗಳ ತಪ್ಪು ಮಾತ್ರವೆಂದು ಯಾರೂ ಭಾವಿಸಬಾರದು. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ಮೇಲೆದ್ದು ಒಂದು ನಿಮಿಷವೂ ಕಳೆಯುವ ಮುನ್ನ ನಾಶವಾಯಿತು. ದೊಡ್ಡ ಸಂಖ್ಯೆಯೊಂದನ್ನು 16 ಬಿಟ್‌ಗಳ ಕಿರಿದಾದ ಪಾತ್ರೆಗೆ ಸುರಿಯಲು ಹೋದುದೇ ಅದರ ಕಾರಣ. ಆ ಪ್ರೋಗ್ರಾಂ ಹಿಂದಿನ, ಅಷ್ಟು ವೇಗವಿಲ್ಲದ ಏರಿಯಾನ್-4ರಲ್ಲಿ ತೊಂದರೆಯಿಲ್ಲದೆ ನಡೆದಿತ್ತು.

ಮೊಳಗದ ಗಂಟೆ

ಜಲಾಶಯದ ಪೂರ್ಣಮಟ್ಟ 1633 ಅಡಿ. ಮಟ್ಟವು 1633 ಆದೊಡನೆ ಗಂಟೆ ಬಾರಿಸುವಂತೆ ವಿದ್ಯಾರ್ಥಿಯು ಬರೆಯುತ್ತಾನೆ. ಪರೀಕ್ಷೆಗೆಂದು 1632ರಿಂದ ಆರಂಭಿಸಿ, ಹತ್ತು ಸಲ 0.1 ಅಡಿಯನ್ನು ಕೂಡಿಸುತ್ತಾನೆ. ಗಂಟೆ ಮೊಳಗುವುದಿಲ್ಲ! ಗಣಕವನ್ನು ಕೇಳಿದರೆ ಮಟ್ಟವು 1632.999999999999 ಎಂದು ತೋರಿಸುತ್ತದೆ. ಮುಂದಿನ ಸಲ ಕೂಡಿಸಿದಾಗ 1633ನ್ನು ಹಾರಿ ದಾಟಿಬಿಡುತ್ತದೆ.

ಮೂರನೆಯ ಒಂದು ಭಾಗವನ್ನು ದಶಾಂಶದಲ್ಲಿ ಬರೆಯಲು ಹೋದರೆ 0.333 ಎಂದು ಕೊನೆಯಿಲ್ಲದೆ ಹೋಗುತ್ತದಷ್ಟೆ. ಗಣಕವು ಎರಡರ ಮೂಲದಲ್ಲಿ ಎಣಿಸುವುದರಿಂದ ಅದಕ್ಕೆ ಹತ್ತನೆಯ ಒಂದು ಭಾಗವೂ ಅಂಥದೇ ಕೊನೆಯಿಲ್ಲದ ಭಿನ್ನರಾಶಿ. ಎಲ್ಲಿಯೋ ಕತ್ತರಿಸಲೇಬೇಕು; ಕತ್ತರಿಸಿದ ಚೂರುಗಳು ಕೂಡುತ್ತ ಹೋಗುತ್ತವೆ. 0.1ಕ್ಕೆ 0.2ನ್ನು ಕೂಡಿಸಿದರೆ ಗಣಕವು 0.30000000000000004 ಎನ್ನುವುದು ಇದೇ ಕಾರಣದಿಂದ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯದ ಧಹ್ರಾನಿನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯು ಎದುರಾಳಿಯ ಕ್ಷಿಪಣಿಯನ್ನು ತಡೆಯಲಾರದೆ 28 ಸೈನಿಕರು ಮಡಿದರು. ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಕತ್ತರಿಸಿ ಬರೆದುದರಿಂದ, ಸುಮಾರು ನೂರು ಗಂಟೆಗಳಲ್ಲಿ ಅದರ ಗಡಿಯಾರ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿತ್ತು.

ಆದುದರಿಂದ ಭಿನ್ನರಾಶಿಗಳನ್ನು 'ಸಮವೇ?' ಎಂದು ಕೇಳಬಾರದು. ನಮ್ಮ ಪ್ರೋಗ್ರಾಮಿನಲ್ಲಿ ಮಟ್ಟವನ್ನು ಅಡಿಯ ಹತ್ತನೆಯ ಭಾಗಗಳಲ್ಲಿ ಪೂರ್ಣಾಂಕವಾಗಿ ಇಟ್ಟು, 16330 ಆಯಿತೆ ಅಥವಾ ಮೀರಿತೆ ಎಂದು ವಿಚಾರಿಸಿದರೆ ಗಂಟೆ ತಪ್ಪದೆ ಮೊಳಗುತ್ತದೆ. ಸಂಡೂರಿನ ಅದಿರಿನ ಲಾರಿಗಳ ತೂಕವನ್ನು ಲೆಕ್ಕ ಹಾಕುವವನೂ ಟನ್ನಿನ ಭಿನ್ನರಾಶಿಗಳನ್ನು ಕೂಡಿಸುವ ಬದಲು ಕಿಲೋಗ್ರಾಮುಗಳನ್ನು ಕೂಡಿಸುವುದು ಲೇಸು.

ಮರಗಟ್ಟಿದ ಕಿಟಕಿ

ಐದು ನಿಮಿಷಕ್ಕೊಮ್ಮೆ ಮಟ್ಟವನ್ನು ಹೊಸದಾಗಿ ಓದಬೇಕೆಂದು ವಿದ್ಯಾರ್ಥಿಯು 'ಓದು, 300 ಸೆಕೆಂಡು ನಿದ್ರಿಸು, ಮತ್ತೆ ಓದು' ಎಂದು ಆವರ್ತ ಬರೆಯುತ್ತಾನೆ. ಕಿಟಕಿ ಕಲ್ಲಾಗುತ್ತದೆ. ಗುಂಡಿಗಳು ಅದುಮಿಕೊಳ್ಳವು, ಮುಚ್ಚುವ ಚಿಹ್ನೆಯೂ ಕೆಲಸ ಮಾಡದು, ಶಿರೋಭಾಗದಲ್ಲಿ 'ಪ್ರತಿಕ್ರಿಯಿಸುತ್ತಿಲ್ಲ' ಎಂಬ ಮಾತು ಕಾಣುತ್ತದೆ.

ನಮ್ಮ ಗುಮಾಸ್ತನನ್ನು ನೆನೆಯಿರಿ. ಅವನು ಒಬ್ಬನೇ. ಅವನೇ ನಿದ್ರೆಗೆ ಜಾರಿದರೆ ಸಾಲಿನಲ್ಲಿರುವವರ ಗತಿಯೇನು? ಪರದೆಯ ಮೇಲಿನ ಚಿತ್ರವನ್ನು ಮತ್ತೆ ಮತ್ತೆ ಬಿಡಿಸುವವನೂ ಅವನೇ. ಸರಿಯಾದ ದಾರಿಯೆಂದರೆ ಮಲಗುವುದಲ್ಲ, 'ಐದು ನಿಮಿಷವಾದ ಮೇಲೆ ನನಗೆ ನೆನಪು ಮಾಡು' ಎಂದು ಚೀಟಿ ಬರೆದಿಟ್ಟು ಕಿಂಡಿಗೆ ಮರಳುವುದು. ಟಿಕೆಇಂಟರಿನಲ್ಲಿ ಇದಕ್ಕೆಂದೇ 'ಆಫ್ಟರ್' ಎಂಬ ಆಜ್ಞೆಯುಂಟು. ಇತರ ಸಾಮಗ್ರಿಗಳಲ್ಲಿ 'ಟೈಮರ್' ಎಂಬುದು ಇದರ ಹೆಸರು.

ಕೆಲಸವೇ ದೀರ್ಘವಾಗಿದ್ದರೆ, ದೂರದ ಗಣಕದಿಂದ ಅಂಕಿಗಳನ್ನು ತರಿಸಬೇಕಾದರೆ, ಸಹಾಯಕನೊಬ್ಬನನ್ನು ನೇಮಿಸಿ ಗೋದಾಮಿಗೆ ಕಳುಹಿಸಬೇಕು. ಇಂಥ ಸಹಾಯಕನಿಗೆ 'ಥ್ರೆಡ್' ಎನ್ನುತ್ತಾರೆ. ಆದರೆ ಸಹಾಯಕನು ತಂದುದನ್ನು ಗುಮಾಸ್ತನ ಕೈಗೆ ಕೊಡಬೇಕೇ ಹೊರತು ತಾನೇ ಕಿಂಡಿಯಲ್ಲಿ ಕೈಯಾಡಿಸಬಾರದು. ಇಬ್ಬರೂ ಒಂದೇ ಕಾಲಕ್ಕೆ ಕಿಟಕಿಯನ್ನು ತಿದ್ದಹೋದರೆ ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ನಡೆಯುವ ದೋಷಗಳು ಹುಟ್ಟುತ್ತವೆ. ಅವನ್ನು ಹಿಡಿಯುವುದು ಬಹಳ ಕಷ್ಟ.

ಕಾಣೆಯಾದ ಕಲ್ಲಿನ ರಥ

ಕಿಟಕಿಯ ಅಂದಕ್ಕೆಂದು ಮೇಲುಗಡೆ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವನ್ನು ಇಡೋಣ. ಕಡತವಿದೆ, ಸಾಲುಗಳು ಸರಿಯಾಗಿವೆ, ದೋಷದ ಸೂಚನೆಯಿಲ್ಲ. ಆದರೂ ಅಲ್ಲಿ ಕಾಣುವುದು ಬರಿಯ ಬಯಲು. ಶತಮಾನಗಳಿಂದ ಕದಲದ ರಥ ಇಲ್ಲಿ ಮಾಯವಾದುದು ಹೇಗೆ?

ಯಾವ ಹೆಸರೂ ಹಿಡಿದುಕೊಂಡಿರದ ವಸ್ತುವನ್ನು ಪೈಥಾನ್ ಕಸವೆಂದು ಎಣಿಸಿ ಗುಡಿಸಿಹಾಕುತ್ತದೆ. ಚಿತ್ರವನ್ನು ಒಂದು ಉಪಕಾರ್ಯದ ಒಳಗೆ ತೆರೆದು ಹೆಸರಿಟ್ಟಿದ್ದರೆ, ಆ ಕಾರ್ಯ ಮುಗಿದೊಡನೆ ಹೆಸರು ಅಳಿಯುತ್ತದೆ. ಹೆಸರಿನೊಡನೆ ಚಿತ್ರವೂ ಹೋಗುತ್ತದೆ. ಕಿಟಕಿಯು ಚಿತ್ರವನ್ನು ತೋರಿಸುತ್ತದೆಯೇ ಹೊರತು ಅದನ್ನು ಹಿಡಿದಿಡುವ ಹೊಣೆಯನ್ನು ಹೊರುವುದಿಲ್ಲ. ಕಿಟಕಿ ಇರುವವರೆಗೂ ಇರುವಂಥ ಒಂದು ಹೆಸರಿಗೆ ಚಿತ್ರವನ್ನು ಕಟ್ಟಿಹಾಕಿದರೆ ರಥ ನಿಲ್ಲುತ್ತದೆ.

ಇದೇ ಚಿತ್ರ ಮನೆಯ ಗಣಕದಲ್ಲಿ ಕಂಡು ಕಾಲೇಜಿನ ಗಣಕದಲ್ಲಿ ಕಾಣದಿರುವುದೂ ಉಂಟು. ಕಂಪ್ಲಿಯ ಹುಡುಗನು ತನ್ನ ಗಣಕದಲ್ಲಿ ಕಡತವಿರುವ ಪೂರ್ಣ ವಿಳಾಸವನ್ನು ಬರೆದಿರುತ್ತಾನೆ. ಆ ವಿಳಾಸವು ಹೊಸಪೇಟೆಯ ಗಣಕದಲ್ಲಿ ಎಲ್ಲಿಂದ ಬರಬೇಕು? 'ಪ್ರೋಗ್ರಾಂ ಇರುವ ಕೋಶದಲ್ಲಿಯೇ ಹುಡುಕು' ಎಂದು ಬರೆಯುವುದು ಜಾಣತನ.

ಎರಡು ಹೊಸಪೇಟೆಗಳು

ಕೊನೆಯ ತೊಡಕು ಕನ್ನಡದ್ದೇ. ಊರಿನ ಹೆಸರನ್ನು ಬರೆದರೆ ಆ ಊರಿನ ಮಳೆಯ ಲೆಕ್ಕ ಕಾಣಬೇಕೆಂದು ಇಟ್ಟುಕೊಳ್ಳೋಣ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದೆ. ನಾವು ಅಕ್ಷರವೆನ್ನುವುದು ಬೇರೆ, ಗಣಕವು ಎಣಿಸುವುದು ಬೇರೆ. 'ಕಂಪ್ಲಿ' ಎಂಬುದರಲ್ಲಿ ನಮಗೆ ಎರಡು ಅಕ್ಷರಗಳು. ಗಣಕಕ್ಕೆ ಕ, ಸೊನ್ನೆ, ಪ, ವಿರಾಮಚಿಹ್ನೆ, ಲ, ಗುಡಿಸು ಎಂದು ಆರು ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದುದರಿಂದ ಒಟ್ಟು 18 ಬೈಟ್. ಹೆಸರನ್ನು ಮೂರನೆಯ ಸಂಕೇತದಲ್ಲಿ ಕತ್ತರಿಸಿದರೆ 'ಕಂಪ' ಉಳಿಯುತ್ತದೆ. ಕಡತವನ್ನು ತೆರೆಯುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳದಿದ್ದರೆ ಕೆಲವು ಗಣಕಗಳಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಗೀಚುಗಳು ಕಾಣುತ್ತವೆ.

ಇನ್ನೂ ವಿಚಿತ್ರವೆಂದರೆ, ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು 'ಹೊಸಪೇಟೆ'ಗಳನ್ನು ಗಣಕವು ಬೇರೆ ಬೇರೆ ಎನ್ನಬಹುದು. 'ಹೊ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. 'ಪೇ' ಎಂಬುದಕ್ಕೂ ಹೀಗೆಯೇ ಎರಡು ದಾರಿ. ಮೊದಲ ದಾರಿಯಲ್ಲಿ ಹೆಸರಿಗೆ 7 ಸಂಕೇತಗಳು, ಎರಡನೆಯದರಲ್ಲಿ 9. ಕಣ್ಣಿಗೆ ಅಭಿನ್ನ, ಗಣಕಕ್ಕೆ ಭಿನ್ನ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ 'ನಾರ್ಮಲೈಸೇಷನ್' ಎಂಬ ಸಂಸ್ಕಾರವನ್ನು ಮಾಡಿದರೆ ಈ ಭೇದ ಅಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆದ ಹೆಸರಿಗಾದರೋ ಇಂಥ ಸಂಸ್ಕಾರವೂ ಸಾಲದು: 2014ರ ನವೆಂಬರ್ 1ರವರೆಗೆ 'ಹಾಸ್ಪೆಟ್' ಎಂದಿದ್ದುದು ಆ ಬಳಿಕ 'ಹೊಸಪೇಟೆ' ಎಂದಾಯಿತು. ಹಳೆಯ ಕಡತಗಳೂ ಹೊಸ ಕಡತಗಳೂ ಕೂಡಬೇಕಾದರೆ ಎರಡು ಹೆಸರುಗಳೂ ಒಂದೇ ಊರೆಂದು ನಾವೇ ಪಟ್ಟಿಮಾಡಿ ತಿಳಿಸಬೇಕು.

ತಪ್ಪನ್ನು ಹುಡುಕುವ ಕ್ರಮ

ಪ್ರೋಗ್ರಾಮಿನ ತಪ್ಪಿಗೆ ಇಂಗ್ಲಿಷಿನಲ್ಲಿ 'ಬಗ್', ಅಂದರೆ ಹುಳು, ಎಂದು ಹೆಸರು. 1947ರಲ್ಲಿ ಹಾರ್ವರ್ಡಿನ ಮಾರ್ಕ್-2 ಗಣಕದೊಳಗೆ ನಿಜವಾದ ಪತಂಗವೊಂದು ಸಿಕ್ಕಿ, ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿಟ್ಟರು. ಹೆಸರಾದರೋ ಅದಕ್ಕಿಂತ ಹಳೆಯದು. ಇಂದಿನ ಹುಳುಗಳನ್ನು ಹಿಡಿಯಲು ಇಕ್ಕಳ ಸಾಲದು; ಕ್ರಮ ಬೇಕು.

ಮೊದಲನೆಯದಾಗಿ, ದೋಷದ ಸೂಚನೆಯನ್ನು ಕಂಡು ಹೆದರಿ ಮುಚ್ಚಬಾರದು, ಓದಬೇಕು. ಪೈಥಾನಿನಲ್ಲಿ ಅದರ ಕೊನೆಯ ಸಾಲು ದೋಷದ ಜಾತಿಯನ್ನು ಹೇಳುತ್ತದೆ. ಅದರ ಮೇಲಿನ ಸಾಲುಗಳು ತಪ್ಪು ನಡೆದ ಸ್ಥಳವನ್ನು ತೋರಿಸುತ್ತವೆ. ಎರಡನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮೂರು ಕಡೆ ತಿದ್ದಿ ಪ್ರೋಗ್ರಾಂ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮೂರನೆಯದಾಗಿ, ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಕೊಟ್ಟು ನೋಡಬೇಕು. 11,574 ಕ್ಯೂಸೆಕ್ ಒಂದು ದಿನ ಹರಿದರೆ ಸುಮಾರು ಒಂದು ಟಿ.ಎಂ.ಸಿ. ಎಂದು ಕಾಗದದ ಮೇಲೆ ಯಾರು ಬೇಕಾದರೂ ಕಾಣಬಹುದು. ನಾಲ್ಕನೆಯದಾಗಿ, ಅಂಚುಗಳಲ್ಲಿ ಪರೀಕ್ಷಿಸಬೇಕು: ಸೊನ್ನೆಯ ಗೇಟು, ಮೂವತ್ತನಾಲ್ಕನೆಯ ಗೇಟು, ಬರಿದಾದ ಖಾನೆ, ಮಹಾಪೂರದ ದಿನದ ಹೊರಹರಿವು.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕವನ್ನು ಕೈಗೆ ತೆಗೆದುಕೊಂಡೊಡನೆ, ಅದರ ದವಡೆಗಳನ್ನು ಮುಚ್ಚಿ ಶೂನ್ಯದೋಷವನ್ನು ನೋಡುವಂತೆ ವಿದ್ಯಾರ್ಥಿಗಳಿಗೆ ನಾವು ಹೇಳುತ್ತೇವೆ. ಮಾಪಕದ ಮೇಲೆ ಅಪನಂಬಿಕೆಯಿಂದಲ್ಲ. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಅರಿಯುವುದಕ್ಕಾಗಿ. ಪ್ರೋಗ್ರಾಮಿನ ವಿಷಯದಲ್ಲಿಯೂ ಇದೇ ಮನೋಭಾವ ಬೇಕು. ಕಿಟಕಿಯಲ್ಲಿ ಅಂಕಿಯೊಂದು ಸ್ಫುಟವಾಗಿ ಮೂಡಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಅಣೆಕಟ್ಟಿನ ಮೇಲೆ ಕಬ್ಬಿಣದ ಗೇಟಿಗೆ ಸರಪಳಿಯ ತಪಾಸಣೆ ಹೇಗೋ, ಪರದೆಯ ಮೇಲಿನ ಗೇಟಿಗೆ ಈ ಪರೀಕ್ಷೆಗಳು ಹಾಗೆ. ಓದುಗರು ಈ ರಜೆಯಲ್ಲಿ ತಮ್ಮ 33 ಗುಂಡಿಗಳ ಕಿಟಕಿಯನ್ನು ತೆರೆಯಲಿ. ಮೊದಲು ಹತ್ತೊಂಬತ್ತನೆಯದನ್ನೇ ಒತ್ತಿ ನೋಡಲಿ.